ಜೇನುಹುಳಗಳ ಗುಂಪೇ ಒಂದು ಪಾತ್ರ ಆಗಬಹುದಾ? ವಿಚಿತ್ರ ಪಾತ್ರಗಳನ್ನು ನಿಭಾಯಿಸುವ ಬಗ್ಗೆ ಸಲಹೆ ಬೇಕು

ನಕ್ಷೆಗಾರ್ತಿ

ಎಲ್ಲರಿಗೂ ನಮಸ್ಕಾರ. ಹೊಸ ಕ್ಯಾಂಪೇನ್ (ಹಲವು ಕೂಟಗಳಲ್ಲಿ ಮುಂದುವರಿಯುವ ಒಂದು ಕತೆ) ಶುರು ಮಾಡುತ್ತಿದ್ದೇನೆ. ಡಿ ಆಂಡ್ ಡಿ (ಡಂಜನ್ಸ್ ಆಂಡ್ ಡ್ರ್ಯಾಗನ್ಸ್, ಮೇಜಿನ ಸುತ್ತ ಕೂತು ದಾಳ ಉರುಳಿಸುತ್ತಾ ಪಾತ್ರ ವಹಿಸಿ ಆಡುವ ಆಟ) ಐದನೇ ಆವೃತ್ತಿ, ಒಂದನೇ ಲೆವೆಲ್‌ನಿಂದ. ನಾಲ್ವರು ಆಟಗಾರರು. ಮೂವರ ಪಾತ್ರಗಳು ಸಲೀಸಾಗಿ ತಯಾರಾದವು. ಒಬ್ಬಳು ಡ್ವಾರ್ಫ್ ಕ್ಲೆರಿಕ್ (ದೈವಶಕ್ತಿಯಿಂದ ಗಾಯ ವಾಸಿ ಮಾಡುವವಳು), ಒಬ್ಬ ಮನುಷ್ಯ ಫೈಟರ್ (ಯೋಧ), ಒಬ್ಬ ಎಲ್ಫ್ ವಿಝರ್ಡ್ (ಮಾಂತ್ರಿಕ).

ನಾಲ್ಕನೆಯವನು "ನನ್ನದು ಜೇನುಹುಳಗಳ ಗುಂಪು" ಎನ್ನುತ್ತಿದ್ದಾನೆ. ಒಂದು ಹುಳ ಅಲ್ಲ, ಇಡೀ ಗುಂಪು. ಎಲ್ಲಕ್ಕೂ ಸೇರಿ ಒಂದೇ ಮನಸ್ಸು. ಒಂದು ಹಳೆಯ ನಿಲುವಂಗಿಯೊಳಗೆ ಸೇರಿಕೊಂಡು ಮನುಷ್ಯನ ಆಕಾರದಲ್ಲಿ ಓಡಾಡುತ್ತದಂತೆ. ರೆಕ್ಕೆಗಳ ಸದ್ದಿನಲ್ಲೇ ಮಾತಾಡುತ್ತದಂತೆ.

ಕೇಳಿದ ಕೂಡಲೇ ನನಗೆ ತುಂಬಾ ಇಷ್ಟವಾಯಿತು. ಆಮೇಲೆ ಒಂದೊಂದೇ ಪ್ರಶ್ನೆ ಶುರುವಾಯಿತು. ಬಾಣ ಹೊಡೆದರೆ ಇದಕ್ಕೆ ಏನಾಗಬೇಕು? ಬಾಗಿಲಿಗೆ ಬೀಗ ಹಾಕಿದ್ದರೆ ಕೀಲಿ ತೂತಿನಿಂದ ಒಳಗೆ ಹೋಗಿಬಿಡುತ್ತದಾ? ಹಾರುತ್ತದಾ? ಕ್ಲೆರಿಕ್ ಗಾಯ ವಾಸಿ ಮಾಡಿದರೆ ಸತ್ತ ಹುಳಗಳು ಮತ್ತೆ ಹುಟ್ಟುತ್ತವಾ? ಊರಿನ ಜನ ಇದನ್ನು ನೋಡಿ ಓಡಿಹೋಗುವುದಿಲ್ಲವಾ?

ನನ್ನ ಕ್ಯಾಂಪೇನ್ ಪಾಳುಬಿದ್ದ ಕೋಟೆಗಳ ಸುತ್ತ ನಡೆಯುತ್ತದೆ. ಬೀಗ, ಬಾವಿ, ಕಡಿದಾದ ಗೋಡೆ, ಮುರಿದ ಸೇತುವೆ ಎಲ್ಲ ಇವೆ. ನಡುನಡುವೆ ಹಳ್ಳಿಗಳಲ್ಲಿ ಜನರ ಜೊತೆ ಮಾತುಕತೆಯೂ ಬೇಕಾದಷ್ಟಿದೆ. ಇಂಥ ಪಾತ್ರವನ್ನು ಒಪ್ಪಿಕೊಂಡರೆ ಉಳಿದ ಮೂವರಿಗೆ ಆಟ ಕೆಡಬಾರದು. ಅವನ ಕಲ್ಪನೆಯೂ ಸಾಯಬಾರದು. ಅನುಭವ ಇದ್ದವರು ದಯವಿಟ್ಟು ಹೇಳಿ.

ಹಳೇ ದಾಳ

ಬೇಡ ಅನ್ನಿ. ಕಟುವಾಗಿ ಹೇಳುತ್ತಿಲ್ಲ, ಪ್ರೀತಿಯಿಂದಲೇ ಹೇಳುತ್ತಿದ್ದೇನೆ.

ಡಿಎಂ (ಆಟ ನಡೆಸುವ ಡಂಜನ್ ಮಾಸ್ಟರ್) ಕೆಲಸ ಮೊದಲೇ ಭಾರ. ಜಗತ್ತು ಕಟ್ಟಬೇಕು, ನಕ್ಷೆ ಬರೆಯಬೇಕು, ಎಲ್ಲರ ಕಡೆ ಗಮನ ಕೊಡಬೇಕು. ಅದರ ಮೇಲೆ ಒಬ್ಬರಿಗಾಗಿ ಹೊಸ ರೂಲ್ಸ್ ಬರೆದು, ಪ್ರತಿ ಕೋಣೆಯಲ್ಲೂ "ಹುಳ ಇಲ್ಲಿ ಏನು ಮಾಡುತ್ತದೆ" ಅಂತ ಯೋಚಿಸುವುದು ಯಾಕೆ? ಆಟಗಾರ ಮನುಷ್ಯನ ಪಾತ್ರವನ್ನೇ ಆಡಿ ಅದನ್ನು ಸ್ವಾರಸ್ಯ ಮಾಡಬಹುದು. ಹೊರಗಿನ ಆಕಾರ ವಿಚಿತ್ರವಾದ ಮಾತ್ರಕ್ಕೆ ಪಾತ್ರಕ್ಕೆ ಆಳ ಬರುವುದಿಲ್ಲ. ತುಂಬಾ ಸಲ ಆಕಾರ ಎಷ್ಟು ವಿಚಿತ್ರವೋ ಒಳಗೆ ಅಷ್ಟೇ ಖಾಲಿ ಇರುತ್ತದೆ.

ಇನ್ನೊಂದು ಮಾತು. ಈ ಆಟ ಹುಟ್ಟಿದ್ದೇ ಮನುಷ್ಯ, ಎಲ್ಫ್, ಡ್ವಾರ್ಫ್, ಹಾಫ್ಲಿಂಗ್ ಇಟ್ಟುಕೊಂಡು. ಅದಕ್ಕೊಂದು ಕಾರಣ ಇದೆ.

ಇಪ್ಪತ್ತುಮುಖ

ಹಳೇ ದಾಳ ಅವರೇ, ನಿಮ್ಮ ಮೊದಲ ಮಾತನ್ನು ಅರ್ಧ ಒಪ್ಪುತ್ತೇನೆ. ಕೊನೆಯದನ್ನು ಒಪ್ಪುವುದಿಲ್ಲ. ಇತಿಹಾಸ ಬೇರೆಯೇ ಇದೆ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದ ಮೊದಲ ಪುಸ್ತಿಕೆಗಳಲ್ಲೇ ಈ ವಿಷಯ ಬರುತ್ತದೆ. ಆಟಗಾರರು ಹೆಚ್ಚುಕಡಿಮೆ ಏನನ್ನು ಬೇಕಾದರೂ ಆಡಬಹುದು, ಆದರೆ ದುರ್ಬಲ ಸ್ಥಿತಿಯಿಂದ ಶುರು ಮಾಡಿ ಮೇಲೇರಬೇಕು ಅಂತ ಅಲ್ಲಿದೆ. ಅದಕ್ಕೆ ಕೊಟ್ಟ ಉದಾಹರಣೆ ಡ್ರ್ಯಾಗನ್. ಡ್ರ್ಯಾಗನ್ ಆಗಬೇಕೆಂದರೆ ಮರಿಯಿಂದ ಶುರು ಮಾಡಿ. ಬೆಳೆಯುವ ಹಂತಗಳನ್ನು ರೆಫರಿ ಮೊದಲೇ ಗೊತ್ತು ಮಾಡಿರಬೇಕು. ಐವತ್ತು ವರ್ಷದ ಹಿಂದಿನ ಈ ಸಲಹೆ ಇವತ್ತಿಗೂ ನಡೆಯುತ್ತದೆ.

ಅದಕ್ಕೂ ಮುಂಚೆ ಆರ್ನೆಸನ್ ನಡೆಸುತ್ತಿದ್ದ ಬ್ಲ್ಯಾಕ್‌ಮೂರ್ ಆಟದಲ್ಲಿ ಒಬ್ಬ ಆಟಗಾರನ ಪಾತ್ರ ವ್ಯಾಂಪೈರ್ ಆಗಿತ್ತು. ಹೆಸರು ಸರ್ ಫ್ಯಾಂಗ್. ಅವನ ಬಲ ಅತಿಯಾದಾಗ ಎದುರು ನಿಲ್ಲಲು ವ್ಯಾಂಪೈರ್ ಬೇಟೆಯಾಡುವ ಇನ್ನೊಂದು ಪಾತ್ರ ಬಂತು. ಕ್ಲೆರಿಕ್ ಕ್ಲಾಸ್ (ಪಾತ್ರದ ಕಸುಬು) ಹುಟ್ಟಿದ್ದು ಹೀಗೆ. ಅಂದರೆ ನಕ್ಷೆಗಾರ್ತಿಯವರ ಮೇಜಿನಲ್ಲಿರುವ ಆ "ಮಾಮೂಲಿ" ಡ್ವಾರ್ಫ್ ಕ್ಲೆರಿಕ್ ಇರುವುದೇ ಒಂದು ವಿಚಿತ್ರ ಪಾತ್ರದ ದೆಸೆಯಿಂದ!

ನಿಮ್ಮ ವಾದಕ್ಕೂ ಹಳೆಯ ಬೆಂಬಲ ಇದೆ, ಅದನ್ನೂ ಹೇಳಲೇಬೇಕು. 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಅದೇ ಗೈಗ್ಯಾಕ್ಸ್ ರಾಕ್ಷಸ ಪಾತ್ರಗಳ ವಿರುದ್ಧ ಬರೆದರು. ಆಟಗಾರರು ಅದನ್ನು ಬಲಕ್ಕಾಗಿ ಕೇಳುತ್ತಾರೆ, ಆಟದ ಜಗತ್ತು ಮನುಷ್ಯರ ಸುತ್ತ ಕಟ್ಟಿದ್ದು ಅನ್ನುವುದು ಅವರ ವಾದ. ಐದೇ ವರ್ಷದಲ್ಲಿ ನಿಲುವು ಎಷ್ಟು ತಿರುಗಿತು ನೋಡಿ. ಅಂದರೆ ಇದು ಇವತ್ತಿನ ಹುಡುಗರು ತಂದ ಜಗಳ ಅಲ್ಲ.

ಹಳೇ ದಾಳ

ಡ್ರ್ಯಾಗನ್ ವಿಷಯ ಒಪ್ಪಿದೆ, ಚೆನ್ನಾಗಿ ನೆನಪಿಸಿದಿರಿ. ಆದರೆ "ದುರ್ಬಲವಾಗಿ ಶುರು ಮಾಡಿ" ಎಂಬುದನ್ನು ಲೆಕ್ಕಕ್ಕೆ ಇಳಿಸಿದಾಗ ಏನಾಯಿತು ಅನ್ನುವುದನ್ನೂ ಹೇಳಿ. ಮೂರನೇ ಆವೃತ್ತಿಯ ಲೆವೆಲ್ ಅಡ್ಜಸ್ಟ್‌ಮೆಂಟ್ (ಬಲವಾದ ಜಾತಿಗೆ ಬೆಲೆಯಾಗಿ ಲೆವೆಲ್ ಕಡಿತ) ಆಡಿದವರಿಗೆ ಗೊತ್ತು. 2003ರಲ್ಲಿ ರಾಕ್ಷಸ ಪಾತ್ರಗಳಿಗಾಗಿಯೇ ಒಂದು ಇಡೀ ಪುಸ್ತಕ ಬಂತು. ಡ್ರೌ (ನೆಲದಡಿಯ ಎಲ್ಫ್ ಜಾತಿ) ಆದರೆ ಎರಡು ಲೆವೆಲ್ ದಂಡ. ಉಳಿದವರು ಐದನೇ ಲೆವೆಲ್‌ನಲ್ಲಿದ್ದರೆ ಡ್ರೌ ವಿಝರ್ಡ್ ಇನ್ನೂ ಮೂರರಲ್ಲಿ. ಪಕ್ಕದವನು ಫೈರ್‌ಬಾಲ್ ಎಸೆಯುವಾಗ ಇವನ ಹತ್ತಿರ ಆ ಮಟ್ಟದ ಸ್ಪೆಲ್ಲೇ ಇಲ್ಲ. ಹಿಟ್ ಪಾಯಿಂಟೂ (ಎಷ್ಟು ಏಟು ತಾಳಬಹುದು ಎಂಬ ಅಂಕ) ಕಡಿಮೆ. ಒಂದು ಏಟಿಗೆ ಮಲಗುತ್ತಾನೆ.

ಓಗರ್ (ದೈತ್ಯ ಮೈಯ ರಾಕ್ಷಸ) ಇನ್ನೂ ಕಷ್ಟ. ಹುಟ್ಟಾ ಬರುವ ನಾಲ್ಕು ಹಿಟ್ ಡೈಸ್ (ಒಂದೊಂದೂ ಒಂದು ಲೆವೆಲ್ ಲೆಕ್ಕ) ಜೊತೆ ಎರಡರ ಹೊಂದಾಣಿಕೆ, ಒಟ್ಟು ಆರು. ಪಾರ್ಟಿ (ಪಾತ್ರಗಳ ತಂಡ) ಆರನೇ ಲೆವೆಲ್ ಮುಟ್ಟುವವರೆಗೆ ಆ ಪಾತ್ರ ಆಟಕ್ಕೇ ಬರುವಂತಿಲ್ಲ. ಬಂದಮೇಲೂ ಒಂದೂ ಕ್ಲಾಸ್ ಲೆವೆಲ್ ಇಲ್ಲ. ಬೆಲೆ ಕಟ್ಟಿ ಸರಿದೂಗಿಸಲು ಹೋದರೆ ಹೀಗೆ ಆಗುತ್ತದೆ. ಅದಕ್ಕೇ ನಾನು ಬೇಡ ಎಂದಿದ್ದು.

ನೀಲಿಮಸಿ

ಇಬ್ಬರೂ ಬಲದ ಬಗ್ಗೆ ಮಾತಾಡುತ್ತಿದ್ದೀರಿ. ನನ್ನ ಅನುಭವದಲ್ಲಿ ಬಲ ಎರಡನೇ ಪ್ರಶ್ನೆ. ಒಂದು ಪಾತ್ರ ಐದು ಡ್ಯಾಮೇಜ್ ಜಾಸ್ತಿ ಹೊಡೆದರೆ ಯಾರ ಆಟವೂ ಕೆಡುವುದಿಲ್ಲ. ಆಟ ಕೆಡುವುದು ಯಾವಾಗ ಗೊತ್ತಾ? ನೀವು ಕ್ಯಾಂಪೇನ್ ಕಟ್ಟಿದ್ದು ಯಾವ ಕಷ್ಟಗಳ ಮೇಲೋ ಆ ಕಷ್ಟವನ್ನೇ ಒಂದು ಪಾತ್ರ ಅಳಿಸಿಹಾಕಿದಾಗ.

ಹಾರಾಟ ತಗೊಳ್ಳಿ. 2015ರಲ್ಲಿ ಬಂದ ಆರಾಕೋಕ್ರಾ ಎಂಬ ಹಕ್ಕಿಜಾತಿ ಒಂದನೇ ಲೆವೆಲ್‌ನಲ್ಲೇ ಆಟದ ಒಂದು ಸುತ್ತಿನಲ್ಲಿ 50 ಅಡಿ ಹಾರುತ್ತಿತ್ತು. ಕಾಗದದ ಮೇಲೆ ಅದು ಬರೀ ಒಂದು ಸಂಖ್ಯೆ. ಆಟದಲ್ಲಿ ಅದರಿಂದ ಹಳ್ಳ, ಗೋಡೆ, ನದಿ, ಮುರಿದ ಸೇತುವೆ ಎಲ್ಲವೂ ಒಬ್ಬರ ಪಾಲಿಗೆ ಮಾಯ. ಅಡ್ವೆಂಚರರ್ಸ್ ಲೀಗ್ (ಡಿ ಆಂಡ್ ಡಿಯ ಅಧಿಕೃತ ಸಾರ್ವಜನಿಕ ಕೂಟ) ಆಟಗಳಲ್ಲಿ ಅದಕ್ಕೆ ಅವಕಾಶ ಕೊಡದೇ ಇದ್ದದ್ದು ಇದೇ ಕಾರಣಕ್ಕೆ. ಆದರೆ ಇಡೀ ಕ್ಯಾಂಪೇನ್ ಆಕಾಶದ ಹಡಗುಗಳ ಮೇಲೆ ನಡೆದರೆ? ಹಾರುವ ಪಾತ್ರ ಅಲ್ಲಿ ಮಾಮೂಲು. ರಾಜಸಭೆಯ ಒಳಸಂಚಿನ ಕತೆಯಾದರೆ ರೆಕ್ಕೆ ಇದ್ದು ಏನು ಪ್ರಯೋಜನ?

ವಾರ್‌ಫೋರ್ಜ್ಡ್ ಎಂಬ ಯಂತ್ರಜಾತಿಗೆ ಊಟ, ನೀರು, ಉಸಿರು ಯಾವುದೂ ಬೇಕಿಲ್ಲ. ಕೋಟೆ ಮುತ್ತಿಗೆಯ ಯುದ್ಧದ ಕತೆಯಲ್ಲಿ ಅದು ಬಣ್ಣ ಅಷ್ಟೇ. ಮರುಭೂಮಿಯಲ್ಲಿ ನೀರು ಎಣಿಸಿ ಕುಡಿಯುವ ಕತೆಯಲ್ಲಿ ಮಾತ್ರ ಒಬ್ಬ ಆಟಗಾರ ಆಟದ ಮುಖ್ಯ ಚಿಂತೆಯಿಂದಲೇ ಹೊರಗೆ ಉಳಿದುಬಿಡುತ್ತಾನೆ. ಅವನಿಗೆ ಲಾಭ ಅನ್ನಿಸಬಹುದು. ನಿಜವಾಗಿ ನಷ್ಟ ಅವನಿಗೇ, ಯಾಕೆಂದರೆ ಉಳಿದವರು ಯಾವುದಕ್ಕೆ ತಲೆ ಕೆಡಿಸಿಕೊಂಡು ಆಡುತ್ತಿದ್ದಾರೋ ಅದು ಅವನನ್ನು ತಟ್ಟುವುದೇ ಇಲ್ಲ.

ಹಾಗಾಗಿ ನಕ್ಷೆಗಾರ್ತಿಯವರೇ, ಒಂದು ಹಾಳೆ ತಗೊಂಡು ನಿಮ್ಮ ಕ್ಯಾಂಪೇನಿನಲ್ಲಿ ಪದೇಪದೇ ಬರುವ ಕಷ್ಟಗಳನ್ನು ಬರೆಯಿರಿ. ಬೀಗ, ಏರುವುದು, ದಾಟುವುದು, ಜನರ ನಂಬಿಕೆ ಗಳಿಸುವುದು. ಜೇನಿನ ಗುಂಪು ಇದರಲ್ಲಿ ಯಾವುದನ್ನು ಪೂರ್ತಿ ಅಳಿಸುತ್ತದೆ ನೋಡಿ. ಅಳಿಸುವುದಕ್ಕೆ ಮಿತಿ ಹಾಕಿ. ಬರೀ ಸುಲಭ ಮಾಡುವುದಾದರೆ ಹಾಗೇ ಬಿಡಿ. ರೋಗ್ (ಕಳ್ಳವಿದ್ಯೆಯ ಪಾತ್ರ) ಕೂಡ ಬೀಗವನ್ನು ಸುಲಭ ಮಾಡುತ್ತಾಳೆ, ಅದಕ್ಕೆ ಯಾರೂ ದೂರುವುದಿಲ್ಲ.

ಅದಕ್ಕೂ ಮೊದಲು ಅವನನ್ನು ಒಂದು ಪ್ರಶ್ನೆ ಕೇಳಿ. ಈ ಪಾತ್ರ ಆಡುವಾಗ ನಿನಗೆ ಯಾವ ಗಳಿಗೆ ಬೇಕು? ಯಾವ ದೃಶ್ಯ ನೆನೆಸಿಕೊಂಡು ಇದು ಹೊಳೆಯಿತು? ತೂತಿನಿಂದ ತೂರಿಕೊಂಡು ಹೋಗುವ ಆಸೆಯಾ? ಒಂದು ಮನಸ್ಸು ಸಾವಿರ ಮೈಯಲ್ಲಿ ಇದ್ದರೆ "ನಾನು" ಅನ್ನುವುದು ಹೇಗಿರುತ್ತದೆ ಅನ್ನುವ ಕುತೂಹಲವಾ? ಇಲ್ಲ, ಬಾಣ ತಾಗಬಾರದು ಎಂಬ ಲೆಕ್ಕವಾ? ಮೂರೂ ಬೇರೆಬೇರೆ ಪಾತ್ರಗಳು. ಉತ್ತರ ಬಂದಮೇಲೆ ರೂಲ್ಸ್ ಅರ್ಧ ತಾನಾಗಿಯೇ ತೀರ್ಮಾನವಾಗುತ್ತದೆ.

ಪೆನ್ಸಿಲ್ ತುದಿ

ರೂಲ್ಸ್ ಕಡೆಯಿಂದ ನಾನು ಹೇಳುತ್ತೇನೆ. ಒಂದು ದಾರಿಯನ್ನಂತೂ ಹಿಡಿಯಲೇಬೇಡಿ. ಮಾನ್ಸ್ಟರ್ ಪುಸ್ತಕದಲ್ಲಿ ಹುಳಗಳ ಸ್ವಾರ್ಮ್‌ಗೆ (ಗುಂಪಿಗೆ) ಇರುವ ರೂಲ್ಸ್ ಎತ್ತಿ ಪಾತ್ರಕ್ಕೆ ಹಾಕಬೇಡಿ.

ಯಾಕೆ? ಐದನೇ ಆವೃತ್ತಿಯ ಸ್ವಾರ್ಮ್‌ಗೆ ಕತ್ತಿ, ಬಾಣ, ಗದೆಯ ಏಟು ಅರ್ಧ ಮಾತ್ರ ತಾಗುತ್ತದೆ. ಹೆದರಿಸಲು, ಹಿಡಿದುಕೊಳ್ಳಲು, ಕೆಡವಲು ಆಗುವುದಿಲ್ಲ. ಒಂದನೇ ಲೆವೆಲ್‌ಗೆ ಇದು ವಿಪರೀತ. ಜೊತೆಗೆ ಒಂದು ಸಾಲು ಇದೆ, ಜನ ಅದನ್ನು ಗಮನಿಸುವುದಿಲ್ಲ: ಸ್ವಾರ್ಮ್ ಕಳೆದುಕೊಂಡ ಹಿಟ್ ಪಾಯಿಂಟ್ ಮತ್ತೆ ಗಳಿಸುವಂತಿಲ್ಲ. ನಿಮ್ಮ ಕ್ಲೆರಿಕ್ ಅವನನ್ನು ಎಂದೂ ವಾಸಿ ಮಾಡಲಾರಳು! ಅರ್ಧ ಹಿಟ್ ಪಾಯಿಂಟ್ ಹೋದರೆ ಅದರ ಹೊಡೆತವೂ ಅರ್ಧವಾಗುತ್ತದೆ. ಆ ರೂಲ್ಸ್ ಬರೆದದ್ದು ಒಂದು ಜಗಳದಲ್ಲಿ ಬಂದು ಸಾಯುವ ಶತ್ರುವಿಗೆ. ವರ್ಷಗಟ್ಟಲೆ ಜೊತೆಗಿರುವ ಪಾತ್ರಕ್ಕಲ್ಲ. ಯಾವ ಮಾನ್ಸ್ಟರ್ ಪಾತ್ರಕ್ಕೂ ಇದು ಅನ್ವಯಿಸುತ್ತದೆ.

ಬದಲಿಗೆ ಈಗಾಗಲೇ ಆಟಗಾರರಿಗೆಂದೇ ಬರೆದ ಒಂದು ಜಾತಿಯನ್ನು ತಗೊಂಡು ಅದರ ಮೇಲೆ ಜೇನಿನ ವೇಷ ಹಾಕಿ. ನನ್ನ ಆಯ್ಕೆ ಪ್ಲಾಸ್ಮಾಯ್ಡ್. 2022ರ ಡಿ ಆಂಡ್ ಡಿ ಪ್ರಕಟಣೆ ಸ್ಪೆಲ್‌ಜಾಮರ್‌ನಲ್ಲಿ ಬಂದ ಲೋಳೆ ಜೀವಿ. ಅದರ ರೂಲ್ಸ್ ಒಂದೊಂದಾಗಿ ಜೇನಿಗೆ ಹೇಗೆ ಕೂರುತ್ತದೆ ನೋಡಿ.

ಒಂದು ಇಂಚಿನ ಸಂದಿಯಲ್ಲಿ ತೂರಬಹುದು. ಆದರೆ ಮೈಮೇಲೆ ಬಟ್ಟೆ, ಕೈಯಲ್ಲಿ ಸಾಮಾನು ಏನೂ ಇರಬಾರದು. ಇದು ಬಂಗಾರದಂಥ ಮಿತಿ. ಹುಳಗಳು ಬಾಗಿಲ ಆಚೆ ಹೋಗಬಹುದು, ನಿಲುವಂಗಿ, ಕತ್ತಿ, ಚೀಲ ಎಲ್ಲ ಈಚೆ ಬಿದ್ದಿರುತ್ತವೆ. ಆಚೆ ಶತ್ರು ಇದ್ದರೆ ಬರಿಗೈ. ಕೀಲಿ ತೂತು ಒಂದು ಇಂಚಿಗಿಂತ ಚಿಕ್ಕದು, ಹಾಗಾಗಿ ಅದು ಸಾಧ್ಯವೇ ಇಲ್ಲ. ಬಾಗಿಲ ಕೆಳಗಿನ ಸಂದಿ ದೊಡ್ಡದಿದ್ದರೆ ಸರಿ.

ಮೈಯಿಂದ ಹತ್ತು ಅಡಿ ಉದ್ದದ ಒಂದು ಹುಸಿಗೈ ಚಾಚಬಹುದು. ಅದರಿಂದ ಬಾಗಿಲು ತೆಗೆಯಬಹುದು, ಸಣ್ಣ ವಸ್ತು ಎತ್ತಬಹುದು, ಹತ್ತು ಪೌಂಡ್‌ಗಿಂತ ಜಾಸ್ತಿ ಇಲ್ಲ, ಹೊಡೆಯುವಂತಿಲ್ಲ. ಜೇನಿನಲ್ಲಿ ಇದು ಏನು? ಗುಂಪಿನಿಂದ ಬೇರೆಯಾದ ಒಂದು ಸಾಲು ಹುಳ. ಬೇರೆ ಏನೂ ಬದಲಿಸಬೇಕಿಲ್ಲ.

ಯಾರಾದರೂ ಹಿಡಿದರೆ ಬಿಡಿಸಿಕೊಳ್ಳಲು ಅಡ್ವಾಂಟೇಜ್ (ಎರಡು ದಾಳ ಉರುಳಿಸಿ ದೊಡ್ಡದನ್ನು ತಗೊಳ್ಳುವುದು) ಇದೆ. ಸಹಜ ಅಲ್ವಾ? ವಿಷ ಮತ್ತು ಆಸಿಡ್‌ಗೆ ತಡೆ ಇದೆ. ಆಸಿಡ್ ಬೇಡ ಅನ್ನಿಸಿದರೆ ತೆಗೆದುಬಿಡಿ. ಹಾರಾಟ ಇಲ್ಲ. ಇಡೀ ಮನಸ್ಸು ಒಟ್ಟಿಗೆ ಇರಬೇಕೆಂದರೆ ಹುಳಗಳು ನಿಲುವಂಗಿಯ ಆಕಾರದಲ್ಲಿ ಒತ್ತಾಗಿ ಇರಬೇಕು ಅಂತ ಕಾರಣ ಕೊಡಿ.

ಇನ್ನು ಬಾಣದ ಪ್ರಶ್ನೆ. ಹಿಟ್ ಪಾಯಿಂಟ್ ಅಂದರೆ ಬರೀ ಮಾಂಸ ಅಂತ ಯಾವತ್ತೂ ಇರಲಿಲ್ಲ. ದಣಿವು, ಅದೃಷ್ಟ, ಬದುಕುವ ಛಲ ಎಲ್ಲ ಅದರಲ್ಲಿದೆ. ಬಾಣ ಹುಳಗಳನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಗುಂಪನ್ನು ಚದುರಿಸುತ್ತದೆ. ಸೊನ್ನೆಗೆ ಬಂದರೆ ನಿಲುವಂಗಿ ಕುಸಿಯುತ್ತದೆ, ಒಂದಾಗಿದ್ದ ಝೇಂಕಾರ ಒಡೆಯುತ್ತದೆ. ಡೆತ್ ಸೇವ್ (ಸಾವು ಬದುಕಿನ ನಡುವೆ ಉರುಳಿಸುವ ದಾಳ) ಅಂದರೆ ಹುಳಗಳು ಮತ್ತೆ ಆ ಶ್ರುತಿ ಹುಡುಕುವುದು. ಕ್ಲೆರಿಕ್ ಮಂತ್ರ ಹೇಳಿದಾಗ ಆ ಶ್ರುತಿ ಸಿಗುತ್ತದೆ. ಒಂದೂ ರೂಲ್ ಬದಲಾಗಿಲ್ಲ ನೋಡಿ, ವರ್ಣನೆ ಮಾತ್ರ ಬದಲಾಗಿದೆ.

ನಕ್ಷೆಗಾರ್ತಿ

ಪೆನ್ಸಿಲ್ ತುದಿ ಅವರೇ, "ಶ್ರುತಿ ಹುಡುಕುವುದು" ಓದಿ ಮೈ ಜುಮ್ಮೆಂದಿತು. ಇದನ್ನು ಖಂಡಿತ ಬಳಸುತ್ತೇನೆ.

ನೀಲಿಮಸಿ ಹೇಳಿದ ಪ್ರಶ್ನೆಯನ್ನು ಅವನಿಗೆ ಕೇಳಿದೆ. ಅವನ ಉತ್ತರದಲ್ಲಿ ಬೀಗವೂ ಇಲ್ಲ, ಬಾಣವೂ ಇಲ್ಲ. "ಒಂದೇ ಮನಸ್ಸಾದರೂ ಒಳಗೆ ಜಗಳ ಇರಬೇಕು. ಕೆಲವು ಹುಳಗಳಿಗೆ ಗೂಡಿಗೆ ವಾಪಸ್ ಹೋಗಬೇಕು, ಕೆಲವಕ್ಕೆ ಈ ಹೊಸ ಗೆಳೆಯರ ಜೊತೆ ಇರಬೇಕು. ದೊಡ್ಡ ತೀರ್ಮಾನ ಬಂದಾಗ ಅದು ಕಾಣಬೇಕು" ಎಂದ. ನಾನು ಕೇಳದೇ ಇದ್ದಿದ್ದರೆ ಬರೀ ಸಂದಿಯಲ್ಲಿ ತೂರುವ ರೂಲ್ಸ್ ಬರೆದು ಕೊಡುತ್ತಿದ್ದೆ. ಅವನಿಗೆ ಬೇಕಾದದ್ದು ಅದಲ್ಲವೇ ಅಲ್ಲ.

ಈಗ ಉಳಿದದ್ದು ಹಳ್ಳಿಯ ಜನರ ಪ್ರಶ್ನೆ. ನಿಲುವಂಗಿಯೊಳಗಿಂದ ಝೇಂಕರಿಸುವವನನ್ನು ಊರೊಳಗೆ ಯಾರು ಬಿಟ್ಟುಕೊಳ್ಳುತ್ತಾರೆ?

ಸದ್ದಿಲ್ಲದವಳು

ನಾನು ಡಿಎಂ ಅಲ್ಲ, ಆಟಗಾರ್ತಿ. ಈ ಪ್ರಶ್ನೆಗೆ ಆ ಕಡೆಯಿಂದ ಉತ್ತರ ಕೊಡುತ್ತೇನೆ.

ಒಂದು ಉದ್ದದ ಕ್ಯಾಂಪೇನಿನಲ್ಲಿ ಗಾಬ್ಲಿನ್ (ಜನ ಹೆದರುವ ಕುಳ್ಳ ರಾಕ್ಷಸಜಾತಿ) ಆಡಿದ್ದೆ. ಮೊದಲ ಊರಿನ ಬಾಗಿಲಲ್ಲಿ ಕಾವಲುಗಾರರು ತಡೆದರು. ಚೆನ್ನಾಗಿತ್ತು, ಗೆಳೆಯರೆಲ್ಲ ನನ್ನ ಪರ ನಿಂತರು. ಎರಡನೇ ಊರಲ್ಲೂ ಅದೇ. ಮೂರನೇ ಊರಿನ ಅಂಗಡಿಯಲ್ಲೂ ಅದೇ, ಛತ್ರದಲ್ಲೂ ಅದೇ. ಬರಬರುತ್ತಾ ಊರು ಅಂದರೆ ನಾನು ಮುಸುಕು ಹಾಕಿ ಹೊರಗೆ ಕೂರುವುದು, ಉಳಿದವರು ಒಳಗೆ ಆಡುವುದು ಅಂತಾಯಿತು. ಡಿಎಂಗೆ ಅದು ಜಗತ್ತಿಗೆ ನಿಷ್ಠೆ ಅನ್ನಿಸಿತ್ತು. ನನಗೆ ಅದು ಪ್ರತಿ ವಾರ ಆಟದಿಂದ ಹೊರಗೆ ಹಾಕಿದಂತೆ ಇತ್ತು.

ಜನ ನಿಜ ಬದುಕಿನಲ್ಲೂ ಬಾಗಿಲಲ್ಲಿ ನಿಲ್ಲಿಸಿಕೊಂಡಿರುತ್ತಾರೆ. ಕೆಲವರಿಗೆ ಅದನ್ನು ಆಟದಲ್ಲಿ ಎದುರಿಸಿ ಗೆಲ್ಲುವ ಆಸೆ ಇರುತ್ತದೆ. ಕೆಲವರಿಗೆ ಅದರಿಂದ ನಾಲ್ಕು ಗಂಟೆ ಬಿಡುವು ಬೇಕಿರುತ್ತದೆ. ಯಾರಿಗೆ ಯಾವುದು ಅಂತ ಮುಖ ನೋಡಿ ಗೊತ್ತಾಗುವುದಿಲ್ಲ. ಸೆಷನ್ ಝೀರೋದಲ್ಲಿ (ಆಟ ಶುರುವಾಗುವ ಮೊದಲು ಎಲ್ಲರೂ ಕೂತು ಮಾತಾಡುವ ಕೂಟ) ನೇರವಾಗಿ ಕೇಳಿ. ಜಾನ್ ಸ್ಟಾವ್ರೊಪೊಲಸ್ ರೂಪಿಸಿದ ಎಕ್ಸ್ ಕಾರ್ಡ್ ಮೇಜಿನ ಮೇಲೆ ಇರಲಿ. ದೃಶ್ಯ ಭಾರವಾದರೆ ಕಾರಣ ಹೇಳದೆ ಮುಟ್ಟಿ ಮುಂದೆ ಹೋಗಬಹುದು.

ಅವನು "ನನ್ನನ್ನು ನೋಡಿ ಜನ ಹೆದರಬೇಕು" ಅಂದರೂ ಅದನ್ನು ಪ್ರತಿ ಊರಲ್ಲಿ ಮಾಡಬೇಡಿ. ಒಂದು ಊರಲ್ಲಿ ದೊಡ್ಡದಾಗಿ, ಮನಸ್ಸಿಟ್ಟು ಆಡಿ. ಅಲ್ಲಿ ಏನು ನಡೆಯಿತೋ ಅದರಿಂದ ಮುಂದೆ ಏನಾದರೂ ಬದಲಾಗಬೇಕು. ಒಬ್ಬ ಜೇನು ಸಾಕುವ ಮುದುಕಿ ಅವನ ಪರ ಮಾತಾಡಲಿ. ಸುದ್ದಿ ಮುಂದಿನ ಹಳ್ಳಿಗೆ ಇವರಿಗಿಂತ ಮೊದಲೇ ಹೋಗಲಿ. ಅಲ್ಲಿನ ಮಕ್ಕಳು ನೋಡಲು ಓಡಿ ಬರಲಿ. ವಿಚಿತ್ರವಾಗಿರುವುದಕ್ಕೆ ಹೆದರಿಕೆ ಒಂದೇ ಅಲ್ಲ, ಕುತೂಹಲವೂ ಬರುತ್ತದೆ, ಭಕ್ತಿಯೂ ಬರುತ್ತದೆ, ವ್ಯಾಪಾರದ ಆಸೆಯೂ ಬರುತ್ತದೆ. "ಜೇನು ಕೊಡ್ತೀಯಾ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ.

ಮಾತಿನ ಬಗ್ಗೆಯೂ ಹೇಳಬೇಕು. ರೆಕ್ಕೆ ಸದ್ದಿನಲ್ಲಿ ಮಾತಾಡಲಿ, ಆದರೆ ಅದು ಮಾತೇ ಆಗಿರಲಿ. 2016ರ ಕೆಂಕು ನೆನಪಿದೆಯಾ? ಕೇಳಿದ ಸದ್ದನ್ನು ಮಾತ್ರ ಅನುಕರಿಸಬಲ್ಲ ಹಕ್ಕಿಜನ. ಓದಲು ತುಂಬಾ ಸೊಗಸು. ಆಡಲು ಕೂತರೆ ಆ ಆಟಗಾರ ಒಂದು ಸಾದಾ ವಾಕ್ಯ ಹೇಳಲೂ ಒದ್ದಾಡುತ್ತಾನೆ, ಉಳಿದವರು ಅವನ ಪರವಾಗಿ ಊಹಿಸುತ್ತಾ ಇರುತ್ತಾರೆ. 2022ರಲ್ಲಿ ಬಂದ ಹೊಸ ರೂಪದಲ್ಲಿ ಆ ನಿರ್ಬಂಧವನ್ನೇ ತೆಗೆದರು. ಸರಿಯಾದ ಕೆಲಸ ಅಂತ ನನಗೆ ಅನ್ನಿಸುತ್ತದೆ. ಈ ಆಟ ನಡೆಯುವುದೇ ಮಾತಿನಲ್ಲಿ. ಮಾತು ಕಿತ್ತುಕೊಳ್ಳುವ ಯಾವ ಮಿತಿಯನ್ನೂ ತುಂಬಾ ಯೋಚಿಸಿ ಹಾಕಬೇಕು.

ಗುಹೆಯೊಳಗೆ

ಎಲ್ಲರೂ ಡಿ ಆಂಡ್ ಡಿ ಒಳಗೇ ಇದ್ದೀರಿ. ಬೇರೆ ಆಟಗಳು ಇದನ್ನು ಎಂದೋ ಬಿಡಿಸಿವೆ. 1976ರಲ್ಲೇ ಪೂರ್ತಿ ರಾಕ್ಷಸರಾಗಿಯೇ ಆಡುವ ಆಟ ಬಂದಿತ್ತು, ಮಾನ್ಸ್ಟರ್ಸ್! ಮಾನ್ಸ್ಟರ್ಸ್! ಅಂತ.

ಬಲದ ವ್ಯತ್ಯಾಸದ ಬಗ್ಗೆ ನನಗೆ ಇಷ್ಟವಾದ ಉತ್ತರ ಎರಡು. ಆರ್ಸ್ ಮ್ಯಾಜಿಕಾ, 1987. ಅಲ್ಲಿ ಮಾಂತ್ರಿಕರು ಬೇರೆಯವರಿಗಿಂತ ಬಹಳ ಬಲಶಾಲಿಗಳು. ಅದನ್ನು ಮುಚ್ಚಿಡಲು ಆಟ ಹೋಗುವುದೇ ಇಲ್ಲ. ಪ್ರತಿಯೊಬ್ಬರಿಗೂ ಒಬ್ಬ ಮಾಂತ್ರಿಕ, ಒಬ್ಬ ಸಂಗಾತಿ ಪಾತ್ರ, ಜೊತೆಗೆ ಎಲ್ಲರೂ ಹಂಚಿಕೊಂಡು ಆಡುವ ಕಾವಲಿನವರು. ಒಂದು ಕತೆಯಲ್ಲಿ ನಾನು ಮಾಂತ್ರಿಕ, ಮುಂದಿನದರಲ್ಲಿ ನೀವು. ಸರದಿಯಿಂದಲೇ ಸಮತೋಲನ.

ಇನ್ನೊಂದು 2002ರ ಬಫಿ ಆಟ (ವ್ಯಾಂಪೈರ್ ಬೇಟೆಗಾರ್ತಿ ಬಫಿಯ ಟಿವಿ ಸರಣಿ ಆಧರಿಸಿದ್ದು). ಹೀರೋ ಪಾತ್ರಕ್ಕೆ ಬಲ ಜಾಸ್ತಿ, ಡ್ರಾಮಾ ಪಾಯಿಂಟ್ 10. ಸಾಮಾನ್ಯ ಗೆಳೆಯರಿಗೆ ಬಲ ಕಡಿಮೆ, ಡ್ರಾಮಾ ಪಾಯಿಂಟ್ 20. ಅಂದರೆ ರಾಕ್ಷಸನಿಗೆ ಹೊಡೆಯುವುದು ಹೀರೋ ಆದರೂ, ಕತೆ ತಿರುಗುವ ಗಳಿಗೆಯನ್ನು ಜಾಸ್ತಿ ಸಲ ಹಿಡಿಯುವವರು ಈ ಗೆಳೆಯರು.

ಫೇಟ್ ಎಂಬ ಇನ್ನೊಂದು ಆಟದಲ್ಲಿ ಈ ಜೇನಿನ ಗುಂಪು ಒಂದೇ ಸಾಲು. "ಒಂದೇ ನಿಲುವಂಗಿಯಲ್ಲಿ ಸಾವಿರ ಹುಳ" ಅಂತ ಆಸ್ಪೆಕ್ಟ್ (ಪಾತ್ರದ ಗುಣ ಹೇಳುವ ಸಾಲು) ಬರೆದರೆ ಮುಗಿಯಿತು. ಸಂದಿಯಲ್ಲಿ ತೂರಬೇಕಾದಾಗ ಅದೇ ಸಾಲು ಅನುಕೂಲ. ಹೊಗೆ ಬಂದಾಗ ಅದೇ ಸಾಲು ತೊಂದರೆ, ತೊಂದರೆ ಒಪ್ಪಿಕೊಂಡರೆ ಆಟಗಾರನಿಗೆ ಒಂದು ಫೇಟ್ ಪಾಯಿಂಟ್. ಆಟ ಬದಲಿಸಿ ಅಂತ ಹೇಳುತ್ತಿಲ್ಲ. ಆ ಲೆಕ್ಕವನ್ನು ಎರವಲು ತಗೊಳ್ಳಿ. ವಿಚಿತ್ರತನದಿಂದ ಅವನಿಗೆ ಕಷ್ಟ ಬಂದು ಅದನ್ನು ಚೆನ್ನಾಗಿ ಆಡಿದರೆ ಇನ್‌ಸ್ಪಿರೇಷನ್ (ಡಿ ಆಂಡ್ ಡಿಯಲ್ಲಿ ಚೆನ್ನಾಗಿ ಆಡಿದ್ದಕ್ಕೆ ಡಿಎಂ ಕೊಡುವ ಬಹುಮಾನ) ಕೊಡಿ.

ಹಳೇ ದಾಳ

ಹೊಗೆಯ ವಿಷಯ ಚೆನ್ನಾಗಿದೆ. ಆದರೆ ಪ್ರತಿ ಶತ್ರುವಿನ ಕೈಯಲ್ಲೂ ಹೊಗೆಬತ್ತಿ ಕೊಡಬೇಡಿ. ಡಿಎಂಗಳಿಗೆ ಆ ಆಸೆ ಬೇಗ ಬರುತ್ತದೆ. ಹಾರುವ ಪಾತ್ರ ಇದ್ದರೆ ಎಲ್ಲ ಕೋಣೆಗೂ ತಗ್ಗಿನ ಚಾವಣಿ, ಎಲ್ಲ ಶತ್ರುಗಳಿಗೂ ಬಿಲ್ಲು. ಒಪ್ಪಿಕೊಂಡ ಮೇಲೆ ಶಿಕ್ಷೆ ಕೊಡುವುದಕ್ಕಿಂತ ಮೊದಲೇ ಬೇಡ ಅನ್ನುವುದು ಎಷ್ಟೋ ಮೇಲು. ಜೇನಿನ ಬಗ್ಗೆ ಗೊತ್ತಿರುವ ಶತ್ರು ಮಾತ್ರ ಹೊಗೆ ತರಲಿ.

ಪೆನ್ಸಿಲ್ ತುದಿ

ಇದಕ್ಕೆ ನೂರಕ್ಕೆ ನೂರು ಒಪ್ಪಿಗೆ. ಮಿತಿ ಇರುವುದು ಪಾತ್ರದಲ್ಲಿ, ಅದು ಆಗಾಗ ತಾನಾಗಿ ಎದುರಾಗಬೇಕು. ಐದನೇ ಆವೃತ್ತಿಯ ಸೆಂಟಾರ್ (ಸೊಂಟದ ಕೆಳಗೆ ಕುದುರೆ) ಒಳ್ಳೆಯ ಮಾದರಿ. ಕೈಕಾಲು ಬಳಸಿ ಏರುವಾಗ ಒಂದು ಅಡಿಗೆ ನಾಲ್ಕು ಅಡಿ ಹೆಚ್ಚುವರಿ ಖರ್ಚು. ವೇಗ 40 ಅಡಿ ಇದ್ದರೂ ಒಂದು ಸುತ್ತಿನಲ್ಲಿ 8 ಅಡಿ ಮಾತ್ರ ಏರುತ್ತದೆ. 30 ಅಡಿ ವೇಗದ ಮನುಷ್ಯ 15 ಏರುತ್ತಾನೆ. ಡಿಎಂ ಬೇಕಂತ ಏನೂ ಮಾಡಬೇಕಿಲ್ಲ, ಒಂದು ಏಣಿ ಬಂದರೆ ಸಾಕು. ಜೀವಿಯ ಪ್ರಕಾರವನ್ನೂ ಗಮನಿಸಿ. ಸೆಂಟಾರ್ ಫೇ (ಯಕ್ಷರಂಥ ಜೀವಿ) ಆದ್ದರಿಂದ ಮನುಷ್ಯರೂಪದವರನ್ನು ಕಟ್ಟಿಹಾಕುವ ಹೋಲ್ಡ್ ಪರ್ಸನ್ ಮಂತ್ರ ತಾಗುವುದಿಲ್ಲ. ಪ್ಲಾಸ್ಮಾಯ್ಡ್ ಊಝ್ (ಲೋಳೆ ಪ್ರಕಾರ), ಅದಕ್ಕೂ ತಾಗುವುದಿಲ್ಲ. ಇಂಥ ಸಣ್ಣ ಸಾಲುಗಳನ್ನು ಆಟಗಾರನ ಜೊತೆ ಕೂತು ಮೊದಲೇ ಓದಿಕೊಳ್ಳಿ.

ಮೂಲೆ ಕುರ್ಚಿ

ನಾನೊಂದು ಬೇರೆ ಮಾತು ಹೇಳಲಾ? ಜೇನುಹುಳ, ಲೋಳೆ, ಅಸ್ಥಿಪಂಜರ, ಇವೆಲ್ಲ ನಿಭಾಯಿಸಲು ಸುಲಭ. ನಿಜವಾಗಿ ಕಷ್ಟ ಕೊಡುವ ವಿಚಿತ್ರ ಪಾತ್ರ ಮಾಮೂಲಿ ಮನುಷ್ಯನ ವೇಷದಲ್ಲೇ ಬರುತ್ತದೆ. ಯಾರ ಜೊತೆಗೂ ಮಾತಾಡದ ಒಂಟಿ ಕೊಲೆಗಾರ. ಗೆಳೆಯರ ಚೀಲದಿಂದ ಕದಿಯುವ ಕಳ್ಳ. ಶರಣಾದವರನ್ನು ಕಡಿಯುವ ಯೋಧ. ಕೇಳಿದರೆ "ನನ್ನ ಪಾತ್ರ ಇರುವುದೇ ಹಾಗೆ" ಎಂಬ ಉತ್ತರ.

ಪಾತ್ರ ಹಾಗೆ ಇರುವುದು ಆಟಗಾರ ಹಾಗೆ ಬರೆದದ್ದರಿಂದ. ಅವನೇ ಬೇರೆ ಥರ ಬರೆಯಬಹುದು.

ನನ್ನ ಮೇಜಿನಲ್ಲಿ ಯಾವುದೇ ಪಾತ್ರಕ್ಕೆ, ಎಷ್ಟೇ ಮಾಮೂಲಿಯಾದರೂ, ಎರಡು ಪ್ರಶ್ನೆ ಇರುತ್ತದೆ. ಈ ಪಾತ್ರ ಈ ಜನರ ಜೊತೆ ಯಾಕೆ ಹೋಗುತ್ತದೆ? ಈ ಜನ ಇದನ್ನು ಯಾಕೆ ಜೊತೆಗೆ ಕರೆದುಕೊಂಡು ಹೋಗುತ್ತಾರೆ? ಎರಡನೆಯದಕ್ಕೆ ಉತ್ತರ ಕೊಡಬೇಕಾದವರು ಉಳಿದ ಆಟಗಾರರು. ನಿಮ್ಮ ಡ್ವಾರ್ಫ್ ಕ್ಲೆರಿಕ್ ಈ ಗುಂಪನ್ನು ಯಾಕೆ ನಂಬುತ್ತಾಳೆ? ಅವಳೇ ಹೇಳಲಿ. ಅವಳು ಹೇಳಿದ ಕ್ಷಣದಿಂದ ಜೇನಿನ ಪಾತ್ರ ಇಬ್ಬರದ್ದೂ ಆಗುತ್ತದೆ.

ನೀಲಿಮಸಿ

ಮೂಲೆ ಕುರ್ಚಿಯವರ ಮಾತಿಗೆ ಒಂದು ಸೇರಿಸುತ್ತೇನೆ. ವಿಚಿತ್ರ ಪಾತ್ರ ಇರುವ ಮೇಜಿನಲ್ಲಿ ಡಿಎಂ ಗಮನ ತನಗೇ ಗೊತ್ತಿಲ್ಲದಂತೆ ಆ ಕಡೆ ವಾಲುತ್ತದೆ. ಹಳ್ಳಿಯವರೆಲ್ಲ ಅವನನ್ನೇ ಕೇಳುತ್ತಾರೆ, ಶತ್ರುಗಳೆಲ್ಲ ಅವನನ್ನೇ ನೋಡುತ್ತಾರೆ, ವರ್ಣನೆಯೆಲ್ಲ ಅವನದೇ. ಮನುಷ್ಯ ಫೈಟರ್ ಆಡುವವನು ಪಕ್ಕದಲ್ಲಿ ಸುಮ್ನೆ ಕೂತಿರುತ್ತಾನೆ. ಅವನು ಬಾಯಿಬಿಟ್ಟು ದೂರುವುದೂ ಇಲ್ಲ. ಆ ಫೈಟರ್‌ನ ಊರು, ಅವನ ಹಳೆ ಸೈನ್ಯ, ಅವನ ಸಾಲ, ಇವನ್ನು ಜೇನಿನಷ್ಟೇ ಪ್ರೀತಿಯಿಂದ ಕತೆಯೊಳಗೆ ತನ್ನಿ.

ನಕ್ಷೆಗಾರ್ತಿ

ಎಲ್ಲರಿಗೂ ಮನಸಾರೆ ಧನ್ಯವಾದ. ಸೆಷನ್ ಝೀರೋ ಮುಗಿಯಿತು. ಹೀಗೆ ತೀರ್ಮಾನವಾಗಿದೆ.

ಪ್ಲಾಸ್ಮಾಯ್ಡ್ ರೂಲ್ಸ್, ಆಸಿಡ್ ತಡೆ ತೆಗೆದು. ಹಾರಾಟ ಇಲ್ಲ, ಬಿದ್ದಾಗ ಮಾತ್ರ ಗುಂಪು ಚದುರುವುದರಿಂದ ಬಿದ್ದ ಏಟು ಅರ್ಧ. ಕ್ಲಾಸ್ ಬಾರ್ಡ್ (ಸಂಗೀತದಿಂದ ಮಂತ್ರ ಹಾಕುವವನು), ಝೇಂಕಾರವೇ ಸಂಗೀತ. ಮಾತು ಎಲ್ಲರಿಗೂ ಅರ್ಥವಾಗುತ್ತದೆ. ದೊಡ್ಡ ತೀರ್ಮಾನ ಬಂದಾಗ ಅವನು ಬಯಸಿದರೆ ಒಂದು ದಾಳ ಉರುಳಿಸಿ ಒಳಗಿನ ಜಗಳ ಯಾವ ಕಡೆ ವಾಲಿದೆ ಅಂತ ನೋಡಬಹುದು. ಆದರೆ ಫಲ ಏನೇ ಬಂದರೂ ಕೊನೆಯ ಮಾತು ಅವನದೇ. ಪಾರ್ಟಿಗೆ ಕೆಡುಕಾಗುವಂತೆ ಅದನ್ನು ಬಳಸುವುದಿಲ್ಲ ಅಂತ ಅವನೇ ಒಪ್ಪಿದ.

ಊರಿನವರ ಹೆದರಿಕೆ ಅವನಿಗೂ ಬೇಕು, ಆದರೆ ಸದ್ದಿಲ್ಲದವಳು ಹೇಳಿದಂತೆ ಒಂದೇ ಊರಲ್ಲಿ. ಮೂಲೆ ಕುರ್ಚಿಯವರ ಎರಡನೇ ಪ್ರಶ್ನೆಗೆ ಕ್ಲೆರಿಕ್ ಆಡುವವಳು ತಕ್ಷಣ ಉತ್ತರ ಕೊಟ್ಟಳು: ಅವಳ ದೇವಾಲಯದ ಮೇಣದಬತ್ತಿಗಳಿಗೆ ಮೇಣ ಬರುತ್ತಿದ್ದದ್ದು ಇದೇ ಗೂಡಿನಿಂದ. ಇನ್ನು ಫೈಟರ್‌ಗೆ ಜೇನುಹುಳ ಅಂದರೆ ಚಿಕ್ಕಂದಿನಿಂದ ಭಯ. ಅದನ್ನು ನಾನು ಹೇಳಿಕೊಟ್ಟಿಲ್ಲ, ಅವನೇ ಬರೆದುಕೊಂಡು ಬಂದ!

ಹಳೇ ದಾಳ

ಇದನ್ನು ಓದಿದ ಮೇಲೆ ನಿಮ್ಮ ಮೇಜಿನಲ್ಲಿ ಬೇಡ ಅನ್ನುವ ಕಾರಣ ನನಗೆ ಉಳಿದಿಲ್ಲ. ನನ್ನ ಮೇಜಿನಲ್ಲಿ ಮಾತ್ರ ಈಗಲೂ ಒಂದು ಮೇಲ್ಮಿತಿ ಇಡುತ್ತೇನೆ. ಒಂದು ಪಾರ್ಟಿಗೆ ಒಂದೇ ಇಂಥ ಪಾತ್ರ. ಎಲ್ಲರೂ ವಿಚಿತ್ರರಾದರೆ ಯಾರೂ ವಿಚಿತ್ರರಲ್ಲ.

ಇಪ್ಪತ್ತುಮುಖ

ಅದಕ್ಕೆ ಡಿ ಆಂಡ್ ಡಿಯಂಥದ್ದೇ ಇನ್ನೊಂದು ಆಟ ಪಾತ್‌ಫೈಂಡರ್ ಎರಡನೇ ಆವೃತ್ತಿಯ ದಾರಿ ನೋಡಿ. 2019ರಿಂದ ಅಲ್ಲಿ ಎಷ್ಟೋ ಆಯ್ಕೆಗಳಿಗೆ ಕಾಮನ್, ಅನ್‌ಕಾಮನ್, ರೇರ್ ಎಂಬ ಗುರುತು ಇದೆ. ಅದು ಬಲದ ಅಳತೆ ಅಲ್ಲ, ಈ ಜಗತ್ತಿನಲ್ಲಿ ಅದು ಎಷ್ಟು ಅಪರೂಪ ಅನ್ನುವುದರ ಅಳತೆ. ರೇರ್ ಆದರೆ ಜಿಎಂ (ಅಲ್ಲಿ ಡಿಎಂಗೆ ಇರುವ ಹೆಸರು) ಅನುಮತಿ ಬೇಕು. ಕ್ಯಾಂಪೇನ್ ಬದಲಾದರೆ ಗುರುತನ್ನೂ ಬದಲಿಸಬಹುದು. ಗಾಬ್ಲಿನ್ ಅಲ್ಲಿ ಕಾಮನ್. ರೆಕ್ಕೆ ಇರುವ ಸ್ಟ್ರಿಕ್ಸ್ ಜಾತಿಗೂ ಪೂರ್ತಿ ಹಾರಾಟ ಕೈಗೆ ಬರುವುದು ಲೆವೆಲ್ ಏರಿದಂತೆ ಫೀಟ್‌ಗಳ (ಆಯ್ದುಕೊಳ್ಳುವ ವಿಶೇಷ ಸಾಮರ್ಥ್ಯಗಳ) ಮೂಲಕ. ಮರಿ ಡ್ರ್ಯಾಗನ್ ಸಲಹೆಯೇ ಬೇರೆ ವೇಷದಲ್ಲಿ ಬಂದಿದೆ.

ಸದ್ದಿಲ್ಲದವಳು

ಎಲ್ಲರೂ ವಿಚಿತ್ರರಾದ ಪಾರ್ಟಿಯಲ್ಲಿ ಈಗ ಆಡುತ್ತಿದ್ದೇನೆ ಹಳೇ ದಾಳ ಅವರೇ. ಒಬ್ಬ ಅಸ್ಥಿಪಂಜರ, ಒಬ್ಬ ಯಂತ್ರಮನುಷ್ಯ, ನಾನು ಕಪ್ಪೆ. ಅಲ್ಲಿ ನಡೆಯುವುದು ಬೇರೆಯೇ. ಒಬ್ಬರನ್ನೊಬ್ಬರು ನೋಡಿ ಬೆರಗಾಗುವುದು ಮೊದಲ ಸಂಜೆಗೇ ಮುಗಿಯಿತು. ಆಮೇಲೆ ಕತೆಯೆಲ್ಲ ಸಾಲ, ಸಿಟ್ಟು, ಯಾರು ಯಾರಿಗೆ ಮಾತು ಕೊಟ್ಟರು ಅನ್ನುವುದರ ಸುತ್ತ. ಊರಿನ ಬಾಗಿಲಲ್ಲಿ ತಡೆದರೆ ನಾವೆಲ್ಲ ಒಟ್ಟಿಗೆ ಹೊರಗೆ ಉಳಿಯುತ್ತೇವೆ, ಹಾಗಾಗಿ ಆಟವೂ ನಮ್ಮ ಜೊತೆ ಹೊರಗೇ ಬರುತ್ತದೆ. ಡಿಎಂ ಅದಕ್ಕೆಂದೇ ಕೋಟೆಯ ಹೊರಗೆ ಒಂದು ಸಂತೆ ಕಟ್ಟಿದ್ದಾರೆ.

ಹಳೇ ದಾಳ

ಆ ಹೊರಗಿನ ಸಂತೆಯ ಬಗ್ಗೆ ಇನ್ನಷ್ಟು ಬರೆಯಿರಿ. ಬೇರೆ ಚರ್ಚೆ ಶುರು ಮಾಡಿದರೂ ಸರಿ, ನಾನು ಓದುತ್ತೇನೆ.